ಮಗು ಆಟ ಬಿಡಬೇಕೇ, ಮುಂದುವರಿಸಬೇಕೇ? ಮನೆಯವರೆಲ್ಲ ಕೂತು ನಿರ್ಧರಿಸುವ ಬಗೆ

ತಾಲ್ಲೂಕು ಕ್ರೀಡಾಕೂಟ ಮುಗಿದ ವಾರ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. “ಅಕ್ಕೋರೇ, ಇವಳನ್ನ ಇನ್ನು ಆಟ ಬಿಡಿಸಿಬಿಡ್ಲಾ?” ಎಂದು ತಾಯಿ ಕೇಳುತ್ತಾಳೆ. ಹಿಂದಿನಿಂದ ಅಪ್ಪನ ದನಿ: “ಇಷ್ಟು ವರ್ಷ ಮಾಡಿದ್ದೆಲ್ಲ ಹಾಳಾಗ್ತದೆ ಅಂತ ಹೇಳು.” ಮಗು ಆ ಫೋನಿನ ಹತ್ತಿರ ಎಲ್ಲೂ ಇರುವುದಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿ ಕೆಲವು ವರ್ಷ, ಆಮೇಲೆ ಘಟ್ಟ ಇಳಿದು ಕುಮಟಾ ಕಡೆ, ಹೀಗೆ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೈದಾನದಲ್ಲಿ ಕಳೆದಿದ್ದೇನೆ. ನನ್ನ ಮಗಳೂ ಓಟಗಾರ್ತಿಯಾಗಿದ್ದಳು. ಅವಳ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ಕೆಳಗೆ ಹೇಳುತ್ತೇನೆ. ಇಷ್ಟು ವರ್ಷಗಳಲ್ಲಿ ನನಗೆ ಗಟ್ಟಿಯಾದ ಮಾತು ಒಂದೇ. ಮಗು “ಬಿಡ್ತೇನೆ” ಅಂದಾಗ ಅದು ಬಿಡಬೇಕೆಂದಿರುವುದು ಆಟವನ್ನೇ ಆಗಿರುವುದು ಕಡಿಮೆ. ಆಟದ ಸುತ್ತ ಕಟ್ಟಿದ ಇನ್ಯಾವುದೋ ಒಂದನ್ನು. ಅದು ಯಾವುದೆಂದು ಗೊತ್ತಾಗುವ ಮೊದಲೇ ತೀರ್ಮಾನ ಮಾಡಿದರೆ, ಬಿಡಿಸಿದರೂ ತಪ್ಪುತ್ತದೆ, ಬಿಡಿಸದಿದ್ದರೂ ತಪ್ಪುತ್ತದೆ.

ಹಂತ 1: ಕಾಯಬಾರದ ಸಂಗತಿ ಇದೆಯೇ, ಮೊದಲು ಅದನ್ನು ನೋಡಿ

ಮುಂದಿನ ಹಂತಗಳೆಲ್ಲ ನಿಧಾನದವು. ಇದೊಂದು ಮಾತ್ರ ಇವತ್ತೇ ಆಗಬೇಕಾದ್ದು.

ತರಬೇತುದಾರನಾಗಲಿ, ಹಿರಿಯ ಆಟಗಾರನಾಗಲಿ, ತಂಡದ ಜೊತೆ ಬರುವ ಯಾರೇ ಆಗಲಿ, ಮಗುವಿನ ಮೈ ಮುಟ್ಟುವ ರೀತಿ ಸರಿಯಿಲ್ಲ, ರಾತ್ರಿ ಮೆಸೇಜು ಕಳಿಸುತ್ತಾನೆ, “ಮನೆಯಲ್ಲಿ ಹೇಳಬೇಡ” ಎನ್ನುತ್ತಾನೆ, ಹೊಡೆಯುತ್ತಾನೆ ಎಂಬ ಸುಳಿವು ಸಿಕ್ಕಿದರೆ ಮಗುವನ್ನು ಅಂದೇ ಅಲ್ಲಿಂದ ಕರೆತನ್ನಿ. ಸೀಸನ್ ಮುಗಿಯಲಿ, ಸೆಲೆಕ್ಷನ್ ಆಗಲಿ ಎಂದು ಕಾಯಬೇಡಿ. ಲೈಂಗಿಕ ಕಿರುಕುಳವಾದರೆ ಅದು 2012ರ ಪೋಕ್ಸೊ ಕಾಯ್ದೆಯ ಅಡಿ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಬಹುದು, ಪೊಲೀಸರ ಬಳಿ ಹೋಗಬಹುದು. ಮಗುವಿಗೆ “ನೀನು ಹೇಳಿದ್ದು ಒಳ್ಳೆಯದಾಯ್ತು” ಎಂಬ ಮಾತನ್ನು ಎಲ್ಲಕ್ಕಿಂತ ಮೊದಲು ಹೇಳಿ. ನಮ್ಮ ಕಡೆ ಊರು ಸಣ್ಣದು, ಎಲ್ಲರೂ ಪರಿಚಿತರು, “ಅವರ ಮನೆತನ ಒಳ್ಳೇದು” ಎಂಬ ಮಾತು ಬೇಗ ಬರುತ್ತದೆ. ಅದಕ್ಕೆ ಕಿವಿಗೊಡಬೇಡಿ.

ಎರಡನೆಯದು ದೇಹ. ಕುಂಟುವುದು, ಗಂಟು ಊದುವುದು, ನೋವಿಗೆ ರಾತ್ರಿ ಎಚ್ಚರವಾಗುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ, ತಲೆನೋವು, ಮಂಕು, ಇವು ಮೊದಲು ವೈದ್ಯರಿಗೆ. ಹೆಣ್ಣುಮಕ್ಕಳಲ್ಲಿ ಸರಿಯಾಗಿ ಬರುತ್ತಿದ್ದ ಮುಟ್ಟು ಮೂರು ತಿಂಗಳು ನಿಂತುಹೋದರೆ, ಅಥವಾ 15 ವರ್ಷವಾದರೂ ಶುರುವಾಗದಿದ್ದರೆ “ಓಡ್ತಾಳಲ್ಲ, ಹಾಗೇ” ಎಂದು ಸುಮ್ಮನಿರಬೇಡಿ. ಮೈ ಖರ್ಚು ಮಾಡುವಷ್ಟು ಊಟ ಒಳಗೆ ಹೋಗದಿದ್ದಾಗ ಹೀಗಾಗುವುದುಂಟು, ಮೂಳೆ ಸವೆಯುವುದಕ್ಕೂ ಅದು ದಾರಿ. ಹಳಿಯಾಳ ಸೀಮೆ ಕುಸ್ತಿಯ ಸೀಮೆ. ಅಲ್ಲಿ ಬೆಳೆಯುವ ಹುಡುಗರ ಮನೆಯವರಿಗೆ ಇನ್ನೊಂದು ಮಾತು. ತೂಕದ ವರ್ಗಕ್ಕೆ ಇಳಿಯಲೆಂದು ಮಗು ನೀರು ಬಿಡುತ್ತಿದ್ದರೆ, ಊಟ ಬಿಡುತ್ತಿದ್ದರೆ ಮೇಲಿನ ವರ್ಗದಲ್ಲಿ ಸೋಲುವುದೇ ಲೇಸು.

ಇವೆರಡೂ ಇಲ್ಲವೆಂದು ಖಾತ್ರಿಯಾದರೆ ಉಸಿರು ಬಿಟ್ಟು ಮುಂದಕ್ಕೆ ಓದಿ. ಇನ್ನು ಅವಸರವಿಲ್ಲ.

ಹಂತ 2: ಸೋತ ದಿನ ತೀರ್ಮಾನ ಬೇಡ, ಮಳೆಗಾಲದಲ್ಲೂ ಬೇಡ

ಸೋತು ಬರುವ ಬಸ್ಸಿನಲ್ಲಿ ಮಗು ಆಡುವ ಮಾತು ಅವತ್ತಿನ ಮಾತು. ಬೈಕಿನ ಹಿಂದೆ ಕೂತು “ಇನ್ನು ಯಾವತ್ತೂ ಬರೂದಿಲ್ಲ” ಎಂದವರು ಮೂರನೇ ದಿನ ಶೂ ತೊಳೆದು ಒಣಗಿಸಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಆ ಹೊತ್ತಿಗೆ ಊಟ ಕೊಡಿಸಿ. ವಿಶ್ಲೇಷಣೆ ಬೇಡ. ಗೆದ್ದ ದಿನವೂ ತೀರ್ಮಾನದ ದಿನವಲ್ಲ. ಆ ಸಂಭ್ರಮದಲ್ಲಿ ಒಪ್ಪಿಕೊಂಡ ಹಾಸ್ಟೆಲ್ಲು, ಅಕಾಡೆಮಿಗಳಿಗೆ ಆಮೇಲೆ ಅತ್ತವರಿದ್ದಾರೆ.

ಕರಾವಳಿಯವರು ಇನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾರವಾರ, ಹೊನ್ನಾವರಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ; ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮೈದಾನ ಕೆಸರುಗದ್ದೆ. ಓಟದ ಮಕ್ಕಳಿಗೆ ಓಡಲು ಜಾಗವಿಲ್ಲ, ಮನೆಯ ಜಗುಲಿಯಲ್ಲಿ ಸ್ಕಿಪ್ಪಿಂಗ್ ಮಾಡಿದರೆ ಅದೇ ದೊಡ್ಡದು. ಘಟ್ಟದ ರಸ್ತೆಯಲ್ಲಿ ಗುಡ್ಡ ಕುಸಿದರೆ ತರಬೇತಿ ವಾರಗಟ್ಟಲೆ ನಿಲ್ಲುತ್ತದೆ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿಹೋಗಿದ್ದು ನಮಗೆಲ್ಲ ನೆನಪಿದೆ. ಹೀಗೆ ಎರಡು ತಿಂಗಳು ಕೂತ ಮೈ ಹೊತ್ತು ಮಕ್ಕಳು ನೇರ ಶಾಲಾ ಕ್ರೀಡಾಕೂಟಕ್ಕೆ ಇಳಿಯುತ್ತಾರೆ. ಅಲ್ಲಿ ಕಳೆದ ವರ್ಷಕ್ಕಿಂತ ನಿಧಾನವಾಗಿ ಓಡಿದರೆ “ಇವನದ್ದು ಮುಗೀತು” ಎನ್ನುವುದು ಅನ್ಯಾಯ. ಮಳೆ ಬಿಟ್ಟು ಎಂಟು ವಾರ ಸರಿಯಾಗಿ ಅಭ್ಯಾಸವಾಗಲಿ, ಆಮೇಲೆ ಟೈಮಿಂಗ್ ನೋಡಿ.

ಫಲಿತಾಂಶವನ್ನೂ ಸರಿಯಾಗಿ ಓದಬೇಕು. ನಮ್ಮ ಕಂದಾಯ ಜಿಲ್ಲೆ ಒಂದೇ ಆದರೂ ಶೈಕ್ಷಣಿಕ ಜಿಲ್ಲೆಗಳು ಎರಡು: ಕಾರವಾರ, ಶಿರಸಿ. “ಜಿಲ್ಲೆಗೆ ಪ್ರಥಮ” ಅಂದರೆ ಅರ್ಧ ಜಿಲ್ಲೆಗೆ ಪ್ರಥಮ ಎಂದೇ ತಿಳಿಯಬೇಕು. ಇದು ಮಗುವಿನ ಸಾಧನೆಯನ್ನು ಕಿರಿದು ಮಾಡಲು ಹೇಳಿದ್ದಲ್ಲ. ವಿಭಾಗ ಮಟ್ಟಕ್ಕೆ ಹೋಗಿ ಮೊದಲ ಸುತ್ತಿನಲ್ಲೇ ಸೋತಾಗ ಮಗುವಿಗೆ ಆಕಾಶ ಕಳಚಿ ಬಿದ್ದಂತಾಗದಿರಲಿ ಎಂದು ಮೊದಲೇ ಹೇಳಿಡಬೇಕಾದ ಮಾತು.

ಹಂತ 3: ಬಿಡಬೇಕೆನಿಸಿದ್ದು ಯಾವುದನ್ನು?

ಇದೇ ಮುಖ್ಯ ಹಂತ. ಎರಡು ವಾರ ಹಿಡಿದರೂ ಹಿಡಿಯಲಿ.

“ಆಟ” ಎಂದು ನಾವು ಕರೆಯುವ ಕಟ್ಟಿನಲ್ಲಿ ಏನೇನು ಇದೆ, ಬಿಚ್ಚಿ ನೋಡಿ. ಆಟ ಒಂದು. ಸ್ಪರ್ಧೆ ಇನ್ನೊಂದು. ಕಲಿಸುವವರು, ಜೊತೆಗಾರರು, ಬೆಳಿಗ್ಗೆ ಐದಕ್ಕೆ ಏಳುವುದು, ಬಸ್ಸಿನ ದಾರಿ, ಹಾಕುವ ಬಟ್ಟೆ, ನೋಡುವ ಜನ, ಗೆಲ್ಲಲೇಬೇಕೆಂಬ ಮನೆಯ ಒತ್ತಡ, ಇವೆಲ್ಲ ಬೇರೆ ಬೇರೆ. ಮಗುವಿಗೆ ಇವುಗಳ ಹೆಸರು ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು “ಬೇಡ” ಎಂಬ ಒಂದೇ ಪದ.

ಒಬ್ಬಳು ಕಬಡ್ಡಿ ಹುಡುಗಿ, ಒಳ್ಳೆಯ ರೈಡರ್. ಎಂಟನೇ ತರಗತಿಯಲ್ಲಿ ಇದ್ದಕ್ಕಿದ್ದಂತೆ “ಬಿಡ್ತೇನೆ” ಎಂದಳು. ಮನೆಯವರು ಓದಿನ ಆಸೆ ಬಂದಿದೆ ಎಂದುಕೊಂಡರು. ನಾನು ಪೆಟ್ಟಿನ ಹೆದರಿಕೆ ಎಂದುಕೊಂಡೆ. ಸಂಗತಿ ಇದ್ದದ್ದು ಹೊರಗಿನ ಪಂದ್ಯಗಳಲ್ಲಿ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಕೋಣೆ ಇಲ್ಲ, ಶೌಚಾಲಯವಿಲ್ಲ ಎಂಬುದರಲ್ಲಿ. ಮುಟ್ಟಿನ ದಿನ ಇಡೀ ಹಗಲು ನೀರು ಕುಡಿಯದೆ ಕಳೆದಿದ್ದಳಂತೆ. ಅವಳಿಗೆ ಕಬಡ್ಡಿಯ ಮೇಲೆ ಒಂದಿಷ್ಟೂ ಬೇಸರವಿರಲಿಲ್ಲ. ಮುಂದಿನ ಪಂದ್ಯಕ್ಕೆ ಮೈದಾನದ ಹತ್ತಿರದ ಒಂದು ಮನೆಯವರನ್ನು ಮೊದಲೇ ಕೇಳಿಟ್ಟೆವು, ಕಪ್ಪು ಲೆಗ್ಗಿಂಗ್ಸ್ ಹಾಕಿಕೊಳ್ಳಬಹುದೆಂದು ಆಯೋಜಕರಲ್ಲಿ ಮಾತಾಡಿದೆವು. ಅವಳು ಪಿಯುಸಿ ಮುಗಿಯುವ ತನಕ ಆಡಿದಳು. ಅವಳ ಬಾಯಿಂದ ಆ ಮಾತು ಹೊರಡಲು ಹನ್ನೊಂದು ದಿನ ಬೇಕಾಯಿತು, ಅದೂ ನನ್ನೆದುರಿಗಲ್ಲ, ಅವಳ ಚಿಕ್ಕಮ್ಮನೆದುರು.

ಇನ್ನೊಬ್ಬ ಹುಡುಗ ಶಟಲ್ ಆಡುತ್ತಿದ್ದ. ಅವನಿಗೆ ಆಟ ಇಷ್ಟ, ಕೋಚ್ ಇಷ್ಟ. ಪಂದ್ಯದ ದಿನ ಮಾತ್ರ ಬೆಳಗಿನಿಂದ ಹೊಟ್ಟೆ ತೊಳಸುತ್ತಿತ್ತು. ಸಂಜೆ ಗೆಳೆಯರೊಡನೆ ಆಡಲು ಬಿಟ್ಟರೆ ಕತ್ತಲಾಗುವ ತನಕ ಮನೆಗೆ ಬರುತ್ತಿರಲಿಲ್ಲ. ಅವನು ಬಿಡಬೇಕಿದ್ದದ್ದು ಸ್ಪರ್ಧೆಯನ್ನು, ಅದನ್ನು ಬಿಟ್ಟ. ಇವತ್ತಿಗೂ ಆಡುತ್ತಾನೆ.

ಮೂರನೆಯವಳು ನನ್ನ ಮಗಳು. 400 ಮೀಟರ್ ಓಡುತ್ತಿದ್ದಳು. ಹದಿಮೂರರ ಹೊತ್ತಿಗೆ ಅಭ್ಯಾಸದ ದಿನ “ಆಯಿ, ಯಂಗೆ ಬ್ಯಾಡ” ಎನ್ನತೊಡಗಿದಳು. ಮೊಣಕಾಲು ನೋವೆಂದಳು. ಸ್ವತಃ ದೈಹಿಕ ಶಿಕ್ಷಕಿಯಾದ ನಾನು ಅದನ್ನು ಸೋಮಾರಿತನ ಎಂದು ತಿಳಿದೆ, ಇಡೀ ಒಂದು ಸೀಸನ್ ಓಡಿಸಿದೆ. ಕೊನೆಗೆ ಮೂಳೆ ವೈದ್ಯರು ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬನ್ನು ಒತ್ತಿ ತೋರಿಸಿದಾಗ ಅವಳ ಕಣ್ಣಲ್ಲಿ ನೀರು ಬಂತು. ಎಲುಬು ಬೇಗ ಬೆಳೆಯುವ ವಯಸ್ಸಿನಲ್ಲಿ ತೊಡೆಯ ಸ್ನಾಯು ಅದು ಅಂಟಿಕೊಂಡ ಜಾಗವನ್ನು ಎಳೆದು ಎಳೆದು ಆಗುವ ನೋವು ಅದು; ಆಸ್‌ಗುಡ್ ಶ್ಲಾಟರ್ ಎಂದು ಕರೆಯುತ್ತಾರೆ. ಓಡಿ ಜಿಗಿಯುವ ಮಕ್ಕಳಲ್ಲಿ ಸಾಮಾನ್ಯ, ಬೆಳವಣಿಗೆ ಮುಗಿದಂತೆ ಹೆಚ್ಚಿನವರಲ್ಲಿ ತಾನೇ ಕಡಿಮೆಯಾಗುತ್ತದೆ. ಅಭ್ಯಾಸ ಕಡಿಮೆ ಮಾಡಿದ್ದರೆ ಸಾಕಿತ್ತು. ನೋವು ಹೋಯಿತು. ಆದರೆ ಹೇಳಿದರೂ ಆಯಿ ನಂಬಲಿಲ್ಲ ಎಂಬುದು ಅವಳ ಮನಸ್ಸಿನಲ್ಲಿ ಉಳಿಯಿತು. ಅವಳು ಓಟ ಬಿಟ್ಟದ್ದು ಅದಕ್ಕೆ.

ಹಾಗಾಗಿ ಈ ಹಂತದಲ್ಲಿ ಒಂದೊಂದನ್ನೇ ತೆಗೆದು ನೋಡಿ. ಪಂದ್ಯವೇ ಇಲ್ಲದ ತಿಂಗಳಲ್ಲಿ ಮಗು ಖುಷಿಯಿಂದ ಹೋಗುತ್ತದೆಯೇ? ಕೋಚ್ ರಜೆಯಲ್ಲಿದ್ದಾಗ? ಆ ಒಬ್ಬ ಜೊತೆಗಾರ ಬಾರದ ದಿನ? ನೀವು ನೋಡಲು ಹೋಗದ ಪಂದ್ಯದಲ್ಲಿ? ಕೊನೆಯದನ್ನು ತಂದೆತಾಯಿ ಧೈರ್ಯ ಮಾಡಿ ಪರೀಕ್ಷಿಸಬೇಕು. ನೀವಿಲ್ಲದಾಗ ಮಗು ಹಗುರಾಗಿ ಆಡಿದರೆ ಬದಲಾಗಬೇಕಾದ್ದು ಯಾವುದೆಂದು ತಿಳಿಯಿತು.

ಹಂತ 4: ಮಾತಾಡುವ ಬಗೆ

ಎದುರಿಗೆ ಕೂರಿಸಿ “ನಿನ್ನ ತೀರ್ಮಾನ ಹೇಳು” ಎಂದರೆ ಮಗು ನಿಮಗೆ ಬೇಕಾದ್ದನ್ನು ಹೇಳುತ್ತದೆ, ಇಲ್ಲವೇ ಏನೂ ಹೇಳುವುದಿಲ್ಲ. ಅಡಿಕೆ ಸುಲಿಯುವಾಗ, ಕಡಲ ದಂಡೆಯಲ್ಲಿ ನಡೆಯುವಾಗ, ಬೈಕಿನಲ್ಲಿ ಹೋಗುವಾಗ, ಕಣ್ಣಿಗೆ ಕಣ್ಣು ಕೂಡಿಸಬೇಕಿಲ್ಲದ ಹೊತ್ತಿನಲ್ಲಿ ಮಾತು ತಾನಾಗಿ ಬರುತ್ತದೆ.

“ಯಾಕೆ ಬಿಡ್ತೀ?” ಎಂಬ ಪ್ರಶ್ನೆ ಬೇಡ, ಅದು ವಿಚಾರಣೆಯಂತೆ ಕೇಳುತ್ತದೆ. “ಅಭ್ಯಾಸದ ದಿನ ಬೆಳಿಗ್ಗೆ ಎದ್ದ ಕೂಡಲೇ ಏನನ್ನಿಸ್ತದೆ?” ಎಂದು ಕೇಳಿ. “ಒಂದು ಸಂಗತಿ ಬದಲು ಮಾಡಬಹುದು ಅಂದ್ರೆ ಯಾವುದನ್ನ ಮಾಡ್ತೆ?” “ಪದಕ, ಸರ್ಟಿಫಿಕೇಟು ಯಾವುದೂ ಇಲ್ಲ ಅಂದ್ರೂ ಆಡ್ಬೇಕು ಅನ್ನಿಸ್ತದ?” ಉತ್ತರ ಬಂದಾಗ ತಿದ್ದಬೇಡಿ. “ಅಷ್ಟಕ್ಕೆಲ್ಲ ಬಿಡ್ತಾರಾ” ಎಂದರೆ ಆ ಬಾಗಿಲು ಮುಚ್ಚಿತು. “ಹೂಂ” ಎಂದು ಸುಮ್ಮನಿರುವುದು ಕಷ್ಟವೇ, ಆದರೂ ಸುಮ್ಮನಿರಿ.

ನಿಮ್ಮೊಡನೆ ಹೇಳದ್ದನ್ನು ಅತ್ತೆ, ಮಾವ, ಅಕ್ಕನ ಹತ್ತಿರ ಹೇಳಬಹುದು. ಹೇಳಿದರೆ ಬೇಸರ ಬೇಡ. ನಮ್ಮ ದೊಡ್ಡ ಕುಟುಂಬಗಳ ಒಳ್ಳೆಯ ಗುಣ ಅದು, ಬಳಸಿಕೊಳ್ಳಿ. ಅಜ್ಜಿಯ ಹತ್ತಿರ ಒಂದು ವಾರ ಬಿಟ್ಟು ಬನ್ನಿ ಎಂದು ಎಷ್ಟೋ ಮನೆಗಳಿಗೆ ಹೇಳಿದ್ದೇನೆ.

ಹಂತ 5: ವಯಸ್ಸನ್ನು ಲೆಕ್ಕಕ್ಕೆ ಹಿಡಿಯಿರಿ

ಹೆಣ್ಣುಮಕ್ಕಳು ಸುಮಾರು ಹನ್ನೊಂದು ಹನ್ನೆರಡರಲ್ಲಿ, ಗಂಡುಮಕ್ಕಳು ಹದಿಮೂರು ಹದಿನಾಲ್ಕರಲ್ಲಿ ಸರ್ರನೆ ಬೆಳೆಯುತ್ತಾರೆ. ಒಬ್ಬೊಬ್ಬರಿಗೆ ಒಂದೆರಡು ವರ್ಷ ಹಿಂದೆ ಮುಂದೆ. ಅಂಡರ್ 14 ವರ್ಗದ ಸಾಲಿನಲ್ಲಿ ನಿಂತ ಹುಡುಗರನ್ನು ನೋಡಿ: ಒಬ್ಬನಿಗೆ ಮೀಸೆ ಚಿಗುರಿದೆ, ಪಕ್ಕದವನ ದನಿಯೂ ಒಡೆದಿಲ್ಲ. ಅಲ್ಲಿ ಗೆಲ್ಲುವುದು ಬಹಳ ಸಲ ಬೇಗ ಬಲಿತ ಮೈ. ಹದಿನಾರಕ್ಕೆ ಉಳಿದವರೂ ಬೆಳೆದಾಗ ಮೊದಲಿನವನು ಸೋಲತೊಡಗುತ್ತಾನೆ, “ನನ್ನಿಂದ ಆಗೂದಿಲ್ಲ” ಎನ್ನುತ್ತಾನೆ. ತಡವಾಗಿ ಬೆಳೆಯುವವನು ಹದಿಮೂರಕ್ಕೇ ಬಿಟ್ಟು ಹೋಗಿರುತ್ತಾನೆ. ಇಬ್ಬರೂ ಸಾಮರ್ಥ್ಯವನ್ನು ತಪ್ಪಾಗಿ ಅಳೆದುಕೊಂಡವರೇ. ಒಂದೇ ವರ್ಗದೊಳಗೆ ಹನ್ನೊಂದು ತಿಂಗಳು ದೊಡ್ಡವನಾಗಿರುವುದೂ ಸಣ್ಣ ವಯಸ್ಸಿನಲ್ಲಿ ದೊಡ್ಡ ಅನುಕೂಲ.

ಬೆಳೆಯುವ ವರ್ಷದಲ್ಲಿ ಕೈಕಾಲು ಉದ್ದವಾಗಿ ಹಿಡಿತ ತಪ್ಪುತ್ತದೆ. ನಿನ್ನೆ ಬರುತ್ತಿದ್ದ ಸ್ಮ್ಯಾಶ್ ಇವತ್ತು ಬಾರದು. ಆ ವರ್ಷ ಬಿಡುವ ತೀರ್ಮಾನ ಮಾಡಿಸಬೇಡಿ, ಫಲಿತಾಂಶವನ್ನು ಬದಿಗಿಡಿ.

ಅಭ್ಯಾಸ ಎಷ್ಟು ಎಂಬುದಕ್ಕೆ ಕ್ರೀಡಾ ವೈದ್ಯರು ಹೇಳುವ ಸುಲಭದ ಅಳತೆಯಿದೆ: ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ಮೀರದಿರಲಿ. ಹನ್ನೆರಡರ ಮಗುವಿಗೆ ಹನ್ನೆರಡು ಗಂಟೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರ ವರದಿಯಲ್ಲಿ ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು, ಆಯಾ ಕ್ರೀಡೆಯಿಂದ ವರ್ಷದಲ್ಲಿ ಒಟ್ಟು ಮೂರು ತಿಂಗಳು ಬಿಡುವು ಇರಲಿ ಎಂದಿದೆ. ಹೆಚ್ಚಿನ ಕ್ರೀಡೆಗಳಲ್ಲಿ ಹದಿನೈದು ಹದಿನಾರರ ತನಕ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ ಎಂದೂ ಹೇಳಿದೆ. ನಮ್ಮ ಮಳೆಗಾಲ ಆ ಮೂರು ತಿಂಗಳನ್ನು ತಾನೇ ಕೊಡುತ್ತದೆ. ಅದನ್ನು ನಷ್ಟವೆಂದು ಗೋಳಾಡದೆ ಈಜು, ಟೇಬಲ್ ಟೆನಿಸ್, ಏನು ಸಿಕ್ಕಿದರೆ ಅದನ್ನು ಆಡಿಸಿ. ಈ ಅಳತೆ ಮೀರಿದ್ದರೆ ಮಗು ಬಿಡಬೇಕೆನ್ನುವುದಕ್ಕೆ ದಣಿವೇ ಕಾರಣವಿರಬಹುದು. ಮೊದಲು ಗಂಟೆ ಇಳಿಸಿ.

ಹಂತ 6: ನಾಲ್ಕು ವಾರದ ಪುಸ್ತಕ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಮಗುವೇ ಬರೆಯಲಿ. ಅಭ್ಯಾಸಕ್ಕೆ ಹೊರಡುವ ಮೊದಲು ಮನಸ್ಸು ಹೇಗಿತ್ತು, ಐದಕ್ಕೆ ಎಷ್ಟು; ಬಂದ ಮೇಲೆ ಎಷ್ಟು; ಎಲ್ಲಾದರೂ ನೋವು; ನಿದ್ದೆ ಎಷ್ಟು ಗಂಟೆ. ಅಷ್ಟೇ. ಪಂದ್ಯದ ದಿನಕ್ಕೆ ಬೇರೆ ಬಣ್ಣದ ಪೆನ್ನು.

ಹೋಗುವಾಗ ಎರಡು, ಬಂದಾಗ ನಾಲ್ಕು ಇರುವ ಪುಟಗಳು ಹೆಚ್ಚಿದ್ದರೆ ತೊಂದರೆ ಏಳುವುದರಲ್ಲಿ, ದಾರಿಯಲ್ಲಿ ಇದೆ, ಆಟದಲ್ಲಿ ಇಲ್ಲ. ಹೋಗುವಾಗ ನಾಲ್ಕು, ಬಂದಾಗ ಒಂದು ಎಂದಿದ್ದರೆ ಅಲ್ಲಿ ಏನೋ ನಡೆಯುತ್ತಿದೆ, ಒಂದು ದಿನ ಹೋಗಿ ಮೂಲೆಯಲ್ಲಿ ಕೂತು ನೋಡಿ ಬನ್ನಿ. ಎರಡೂ ಕಡೆ ಒಂದು, ಎರಡು, ಅದೂ ನಾಲ್ಕು ವಾರ ಪೂರ್ತಿ, ಸ್ಪರ್ಧೆಯೇ ಇಲ್ಲದ ದಿನಗಳಲ್ಲೂ ಹಾಗೇ ಇದ್ದರೆ ಮಗು ನಿಜವಾಗಿಯೂ ಆಟದಿಂದ ಹೊರಗೆ ಬಂದಾಗಿದೆ. ಆಗ ಹಿಡಿದು ನಿಲ್ಲಿಸಬೇಡಿ.

ಹಂತ 7: ಕೋಚ್ ಹತ್ತಿರ ಮಾತು

ಮಗುವಿಗೆ ತಿಳಿಸಿಯೇ ಹೋಗಿ. “ಇವನಿಗೆ ಭವಿಷ್ಯ ಇದೆಯಾ ಸರ್?” ಎಂದು ಕೇಳಬೇಡಿ, ಹನ್ನೆರಡು ವರ್ಷದವನ ಭವಿಷ್ಯ ಯಾರಿಗೂ ಗೊತ್ತಿಲ್ಲ, ಗೊತ್ತು ಎನ್ನುವವರ ಬಗ್ಗೆ ಎಚ್ಚರವಿರಲಿ. ಮೂರು ತಿಂಗಳಲ್ಲಿ ಇವನು ಯಾವುದನ್ನು ಕಲಿತ, ಮುಂದಿನ ಮೂರು ತಿಂಗಳಲ್ಲಿ ಯಾವುದನ್ನು ಕಲಿಸುತ್ತೀರಿ, ವಾರಕ್ಕೆ ಮೂರೇ ದಿನ ಬಂದರೆ ನಡೆಯುತ್ತದೆಯೇ ಎಂದು ಕೇಳಿ. ಒಳ್ಳೆಯ ಕೋಚ್ ಮಗುವಿನ ಬಗ್ಗೆ ಬಿಡಿ ಬಿಡಿಯಾಗಿ ಹೇಳಬಲ್ಲ: ಎಡಕ್ಕೆ ಹೆಜ್ಜೆ ತಡ, ಸರ್ವೀಸ್ ಸುಧಾರಿಸಿದೆ, ಸೋತಾಗ ಸಿಟ್ಟು. ಬರೀ “ಸೀರಿಯಸ್‌ನೆಸ್ ಇಲ್ಲ” ಎಂದರೆ ಅವರು ನಿಮ್ಮ ಮಗುವನ್ನು ನೋಡಿಯೇ ಇಲ್ಲ.

ಹಂತ 8: ಮನೆಯ ಲೆಕ್ಕ

ಇದನ್ನು ಮುಚ್ಚಿಡಬೇಡಿ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ಬರಲು ಸುಮಾರು ಇನ್ನೂರು ಕಿಲೋಮೀಟರ್. ತಿಂಗಳಿಗೆ ಎರಡು ಸಲ ಕರೆದೊಯ್ದರೆ ವರ್ಷಕ್ಕೆ 4800 ಕಿಲೋಮೀಟರ್. ಅದರ ಪೆಟ್ರೋಲು, ಶೂ, ರಾಕೆಟ್ಟಿಗೆ ದಾರ ಕಟ್ಟಿಸುವ ಗಟ್ಟಿಂಗ್, ಶಟಲ್ ಡಬ್ಬಿ, ಎಂಟ್ರಿ ಫೀ, ಲಾಡ್ಜು, ಒಬ್ಬರು ಕೆಲಸ ಬಿಟ್ಟು ಹೋದ ದಿನದ ಸಂಬಳ, ಎಲ್ಲ ಬರೆಯಿರಿ. ಮನೆಯಲ್ಲಿರುವ ಇನ್ನೊಂದು ಮಗುವಿನ ಭಾನುವಾರಗಳನ್ನೂ ಬರೆಯಿರಿ. ಅದು ಎಲ್ಲರೂ ಮರೆಯುವ ಖರ್ಚು.

ಆದರೆ ಹಿಂದೆ ಮಾಡಿದ ಖರ್ಚನ್ನು ಈ ಪುಟದಲ್ಲಿ ಬರೆಯಬೇಡಿ. ಮೂರು ಸಲ ಬೋರ್ಡೋ ಮದ್ದು ಹೊಡೆದರೂ ಕೊಳೆ ರೋಗ ಬಂದು ಅಡಿಕೆ ಉದುರಿತು ಎಂದಿಟ್ಟುಕೊಳ್ಳಿ. ಹೊಡೆದ ಮದ್ದಿನ ದುಡ್ಡಿಗೋಸ್ಕರ ಯಾರೂ ಖಾಲಿ ಗೊನೆಗೆ ನಾಲ್ಕನೇ ಸಲ ಹೊಡೆಸುವುದಿಲ್ಲ. ಉಳಿದ ಗೊನೆ ಎಷ್ಟಿದೆ ಎಂದು ನೋಡಿಯೇ ಹೊಡೆಸುತ್ತಾರೆ. ತೋಟದಲ್ಲಿ ಇಷ್ಟು ಸರಳವಾಗಿ ಕಾಣುವ ಲೆಕ್ಕ ಮಕ್ಕಳ ವಿಷಯದಲ್ಲಿ ನಮಗೆ ತೋಚುವುದಿಲ್ಲ. “ಐದು ವರ್ಷ ಹಾಕಿದ್ದೇವೆ” ಎಂಬುದು ಆರನೇ ವರ್ಷಕ್ಕೆ ಕಾರಣವಾಗದು. ಆ ಐದು ವರ್ಷದಲ್ಲಿ ಮಗು ಓಡಿದ್ದು, ನಕ್ಕಿದ್ದು, ಸೋಲು ತಿಂದಿದ್ದು ಅದರ ಮೈಯಲ್ಲೇ ಇದೆ.

ಹಣ ಸಾಲದು ಎಂಬುದೇ ಕಾರಣವಾದರೆ ಹಾಗೆಂದು ಮಗುವಿಗೆ ನೇರವಾಗಿ ಹೇಳಿ. “ನಿನಗೆ ಆಸಕ್ತಿ ಇಲ್ಲ” ಎಂದು ಅದರ ತಲೆಗೆ ಕಟ್ಟಬೇಡಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕ್ರೀಡಾ ವಸತಿ ನಿಲಯ, ಆಯ್ಕೆಯ ದಿನಾಂಕಗಳ ಬಗ್ಗೆ ವಿಚಾರಿಸಿ. ಊಟ, ವಸತಿ, ತರಬೇತಿ ಸಿಗುವ ದಾರಿ ಅದು. ಆದರೆ ಕಳಿಸುವ ಮೊದಲು ಒಂದು ಪ್ರಶ್ನೆ: ನಡುವೆ ನಿಂತರೆ ಮಗುವಿನ ಓದು ಎಲ್ಲಿಗೆ ಬಂದು ನಿಲ್ಲುತ್ತದೆ? 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸ್ಪೆಷಲ್ ಏರಿಯಾ ಗೇಮ್ಸ್ ಯೋಜನೆಯಲ್ಲಿ ನಮ್ಮ ಜಿಲ್ಲೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತ್ತು. ಒಳ್ಳೊಳ್ಳೆ ಓಟಗಾರರು ಬಂದರು. 1990ರ ದಶಕದ ಮೊದಲ ವರ್ಷಗಳಲ್ಲಿ ಅವರ ಪಾಲಿಗೆ ಆ ಯೋಜನೆ ನಿಂತಿತು. ಅವರಾರೂ ಆಟವನ್ನು ಬಿಟ್ಟದ್ದಲ್ಲ, ಆಟವೇ ಅವರ ಕೈಬಿಟ್ಟಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಮನೆಯಿಂದ ದೂರ ಕಳಿಸುವಾಗ ಮರಳಿ ಬರುವ ದಾರಿಯನ್ನೂ ನೋಡಿಟ್ಟುಕೊಳ್ಳಿ.

ಹಂತ 9: ಅವಧಿ ಹಾಕಿ

ಈಗ ತೀರ್ಮಾನ. ಅದು ಹೌದು, ಇಲ್ಲ ಎಂಬ ಎರಡೇ ಆಗಬೇಕಿಲ್ಲ. ಪೂರ್ತಿ ಮುಂದುವರಿಯಬಹುದು, ದಿನ ಕಡಿಮೆ ಮಾಡಬಹುದು, ಸ್ಪರ್ಧೆ ಬಿಟ್ಟು ಆಟ ಉಳಿಸಿಕೊಳ್ಳಬಹುದು, ಕೋಚ್ ಅಥವಾ ಆಟ ಬದಲಿಸಬಹುದು, ಮೂರು ತಿಂಗಳು ನಿಲ್ಲಿಸಿ ನೋಡಬಹುದು. ಯಾವುದನ್ನು ಆರಿಸಿದರೂ ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಗುರುತು ಹಾಕಿ. ದೀಪಾವಳಿ ಮುಗಿದ ಮೊದಲ ಭಾನುವಾರ ಎನ್ನಿ. ಆ ದಿನದ ತನಕ ಯಾರೂ ಈ ವಿಷಯ ಎತ್ತಬಾರದು, ಅಪ್ಪನೂ ಸೇರಿ. ದಿನವೂ ಊಟದ ಹೊತ್ತಿಗೆ “ಏನ್ ಯೋಚ್ನೆ ಮಾಡ್ದೆ?” ಎಂದು ಕೇಳುವ ಮನೆಯಲ್ಲಿ ಮಗು ಬೇಸತ್ತು ಯಾವುದೋ ಒಂದನ್ನು ಹೇಳಿಬಿಡುತ್ತದೆ.

ನಿಲ್ಲಿಸಿದರೆ ಎಲ್ಲ ಮುಗಿಯಿತು ಎಂಬ ಹೆದರಿಕೆ ಇರುವವರಿಗೆ ಆಶ್ಲೀ ಬಾರ್ಟಿಯ ಹೆಸರು ಹೇಳುತ್ತೇನೆ. ಆಸ್ಟ್ರೇಲಿಯಾದ ಈ ಹುಡುಗಿ 2014ರಲ್ಲಿ ಹದಿನೆಂಟು ವರ್ಷಕ್ಕೆ ಟೆನಿಸ್ ನಿಲ್ಲಿಸಿ ಕ್ರಿಕೆಟ್ ಆಡಿದಳು, 2016ರಲ್ಲಿ ಮರಳಿದಳು, 2019ರಲ್ಲಿ ಫ್ರೆಂಚ್ ಓಪನ್, 2021ರಲ್ಲಿ ವಿಂಬಲ್ಡನ್ ಗೆದ್ದಳು. 2022ರಲ್ಲಿ ವಿಶ್ವದ ಒಂದನೇ ಸ್ಥಾನದಲ್ಲಿದ್ದಾಗಲೇ ಮತ್ತೆ ಬಿಟ್ಟಳು. ನಿಮ್ಮ ಮಗು ಹಾಗೆ ಗೆದ್ದು ಬರುತ್ತದೆ ಎಂದು ನಾನು ಹೇಳಲಾರೆ. ಬಿಡುವು ತೆಗೆದುಕೊಂಡವರಿಗೆ ಬಾಗಿಲು ಮುಚ್ಚುವುದಿಲ್ಲ ಎಂದಷ್ಟೇ.

ತಂದೆ ತಾಯಿಗೆ ಬೇರೆ ಬೇರೆ ಅಭಿಪ್ರಾಯವಿದ್ದರೆ? ಹದಿಮೂರು ದಾಟಿದ ಮಗುವಿನ ಮಾತಿಗೆ ಹೆಚ್ಚು ತೂಕ ಕೊಡಿ ಎಂಬುದು ನನ್ನ ಅಭಿಪ್ರಾಯ. ಎಂಟು, ಒಂಬತ್ತರ ಮಗುವಾದರೆ ಸೇರಿಕೊಂಡ ಸೀಸನ್ ಮುಗಿಸಲಿ, ಆಮೇಲೆ ಬೇಕಿದ್ದರೆ ಬೇರೆ ಆಟಕ್ಕೆ ಹೋಗಲಿ. ಆ ವಯಸ್ಸಿನಲ್ಲಿ ನಾಲ್ಕು ಆಟ ಬದಲಿಸುವುದು ಚಂಚಲತೆ ಅಲ್ಲ, ಹುಡುಕಾಟ.

ಎಸ್ಸೆಸ್ಸೆಲ್ಸಿ ವರ್ಷದ ಮಾತು

ನಮ್ಮ ಜಿಲ್ಲೆಯಲ್ಲಿ ಆಟ ಬಿಡಿಸುವ ದೊಡ್ಡ ಕಾರಣ ಇದೇ. ಒಂಬತ್ತನೇ ತರಗತಿ ಮುಗಿದ ದಿನ ಶೂ ಅಟ್ಟಕ್ಕೆ. ನಾನು ಇದನ್ನು ಒಪ್ಪುವುದಿಲ್ಲ. ದಿನವೂ ಓಡುತ್ತಿದ್ದ ಮೈಯನ್ನು ಒಮ್ಮೆಲೇ ಕುರ್ಚಿಗೆ ಕಟ್ಟಿದರೆ ನಿದ್ದೆ ಕೆಡುತ್ತದೆ, ಸಿಡುಕು ಬರುತ್ತದೆ. ಉಳಿಸಿದ ಎರಡು ಗಂಟೆ ಪುಸ್ತಕಕ್ಕೆ ಹೋಗದೆ ಮೊಬೈಲಿಗೆ ಹೋಗುತ್ತದೆ. ಆರು ದಿನವನ್ನು ಮೂರಕ್ಕೆ ಇಳಿಸಿ, ಊರ ಹೊರಗಿನ ಪಂದ್ಯ ಬಿಡಿ, ಜನವರಿಯಿಂದ ಪರೀಕ್ಷೆ ತನಕ ಸಂಜೆ ನಲವತ್ತು ನಿಮಿಷ ಬೆವರು ಬರುವಷ್ಟು ಆಟ ಸಾಕು. ಪರೀಕ್ಷೆ ಮುಗಿದ ಮೇಲೆ ಮತ್ತೆ ಕೂತು ಮಾತಾಡೋಣ ಎಂದು ಮಗುವಿಗೆ ಮಾತು ಕೊಡಿ, ಕೊಟ್ಟರೆ ಉಳಿಸಿಕೊಳ್ಳಿ.

ಕ್ರೀಡಾ ಕೋಟಾದ ಆಸೆಗಾಗಿ ಮನಸ್ಸಿಲ್ಲದ ಮಗುವನ್ನು ಎಳೆಯುವುದನ್ನೂ ಒಪ್ಪುವುದಿಲ್ಲ. ಸೀಟು ಕೆಲವೇ, ಯಾವ ಮಟ್ಟದ ಸರ್ಟಿಫಿಕೇಟಿಗೆ ಬೆಲೆ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಬೇಕು. ತಾಲ್ಲೂಕು ಮಟ್ಟದ ಕಾಗದದ ಕಟ್ಟು ಹಿಡಿದು ಸಾಲಿನಲ್ಲಿ ನಿಂತು ವಾಪಸಾದವರನ್ನು ಕಂಡಿದ್ದೇನೆ.

ಹಂತ 10: ಬಿಡುವುದಾದರೆ ಹೀಗೆ ಬಿಡಿ

ತಂಡದ ಆಟವಾದರೆ ಹೆಸರು ಕೊಟ್ಟ ಪಂದ್ಯ ಮುಗಿಸಿ ಬಿಡಲಿ. ಮಗುವೇ ಹೋಗಿ ಕೋಚ್‌ಗೆ ಹೇಳಲಿ, ನೀವು ಪಕ್ಕದಲ್ಲಿ ನಿಲ್ಲಿ. “ಸರ್, ನಾನು ಇನ್ನು ಬರೂದಿಲ್ಲ, ಇಷ್ಟು ವರ್ಷ ಕಲಿಸಿದ್ದಕ್ಕೆ ನಮಸ್ಕಾರ” ಎಂಬ ಎರಡು ಮಾತು ಸಾಕು. ವಾಟ್ಸಾಪಿನಲ್ಲಿ ಬಿಡುವುದು, ಸುಮ್ಮನೆ ಹೋಗದೇ ಇರುವುದು ಬೇಡ; ಆಮೇಲೆ ಪೇಟೆಯಲ್ಲಿ ಸಿಕ್ಕಿದಾಗ ಮಗು ರಸ್ತೆ ದಾಟಿ ಆಚೆ ಹೋಗುವಂತಾಗುತ್ತದೆ. ಒಂದನೇ ಹಂತದಲ್ಲಿ ಹೇಳಿದ ಕಾರಣಗಳಿದ್ದರೆ ಮಾತ್ರ ಇದ್ಯಾವುದೂ ಅಗತ್ಯವಿಲ್ಲ.

ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ ಯಾರಾದರೂ “ಈಗೆಂತ ಆಡ್ತಿಲ್ಯನ?” ಎಂದು ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಮನೆಯಲ್ಲೇ ಸಿದ್ಧ ಮಾಡಿಕೊಳ್ಳಿ. “ಇಷ್ಟು ದಿನ ಚೆನ್ನಾಗಿ ಆಡಿದಳು, ಈಗ ಬೇರೆ ಏನೋ ಕಲೀತಾ ಇದ್ದಾಳೆ” ಎಂದು ನೀವು ಹೇಳಿ, ಮಗು ಕೇಳುವಂತೆ ಹೇಳಿ. ಕಪ್ಪು, ಪದಕ ಶೋಕೇಸಿನಲ್ಲೇ ಇರಲಿ. ತೆಗೆಯಬೇಕೆನಿಸಿದರೆ ಮಗುವೇ ತೆಗೆಯಲಿ.

ಮೊದಲ ಮೂರು ನಾಲ್ಕು ವಾರ ಸಂಜೆಗಳು ಖಾಲಿ ಹೊಡೆಯುತ್ತವೆ. ಗೆಳೆಯರೆಲ್ಲ ಮೈದಾನದಲ್ಲಿ, ಇದೊಂದೇ ಮನೆಯಲ್ಲಿ. ಆಗ ಬರುವ ಅಳುವನ್ನು “ನೋಡು, ಬಿಟ್ಟದ್ದೇ ತಪ್ಪಾಯ್ತು” ಎಂದು ಬಳಸಿಕೊಳ್ಳಬೇಡಿ. ಸೈಕಲ್ ಕೊಡಿ, ಹಳೆಯ ಗೆಳೆಯರನ್ನು ಮನೆಗೆ ಕರೆಯಿರಿ, ವಾರಕ್ಕೆ ಮೂರು ದಿನವಾದರೂ ಮೈ ಬೆವರುವ ಏನಾದರೊಂದು ಇರಲಿ. ಯಕ್ಷಗಾನದ ಹೆಜ್ಜೆ ಕಲಿಯಲು ಹೋದ ಒಬ್ಬ ಖೋ-ಖೋ ಹುಡುಗ ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಂಡಿಯ ಮೇಲೆ ಗಿರಗಿರನೆ ತಿರುಗುತ್ತಿದ್ದ.

ಕೆಲವು ಮಕ್ಕಳು ಐದಾರು ತಿಂಗಳಿಗೆ “ಮತ್ತೆ ಹೋಗ್ಲಾ?” ಎನ್ನುತ್ತಾರೆ. “ಅವತ್ತೇ ಹೇಳಿದ್ದೆ” ಎಂಬ ಮಾತನ್ನು ನುಂಗಿಕೊಳ್ಳಿ. ಈ ಸಲ ಏನು ಬೇರೆ ಇರಬೇಕು ಎಂದು ಮಾತ್ರ ಕೇಳಿ. ಮೊದಲ ಎರಡು ವಾರ ಹಿಂದಿನ ಅರ್ಧದಷ್ಟು ಅಭ್ಯಾಸ, ಒಂದು ತಿಂಗಳು ಪಂದ್ಯವಿಲ್ಲ. ಹೊರಡುವ ಮುಂಚೆ ಹಳೆಯ ಶೂ ಹಾಕಿಸಿ ನೋಡಿ; ಬೆಳೆಯುವ ವಯಸ್ಸು, ಅಷ್ಟರಲ್ಲಿ ಪಾದ ಒಂದು ಸೈಜು ದೊಡ್ಡದಾಗಿರುತ್ತದೆ.